ಶುಕ್ರವಾರದ ಪೆಪ್ಪರಮಿಂಟು

ಜೂನ್ 15

ಅಕ್ಕಾ,

ಫೋನಿನಲ್ಲಿ ಹೇಳಹೊರಟರೆ ನಾನು ಅಳುತ್ತೇನೆ, ನೀನು ಗದರುತ್ತೀಯ, ವಿಷಯ ಅಲ್ಲೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಗುಬ್ಬಿ ಒಂದನೇ ಕ್ಲಾಸಿಗೆ ಸೇರಿ ಹದಿನೈದು ದಿನ ಆಯಿತು. ಅವಳ ಟೀಚರ್ ಮೇಜಿನ ಮೇಲೆ ಒಂದು ಗಾಜಿನ ಜಾಡಿ ಇದೆ. ವಾರವಿಡೀ ನೆಟ್ಟಗೆ ಓದಿ ಬರೆದ ಮಕ್ಕಳು ಶುಕ್ರವಾರ ಹನ್ನೊಂದು ಗಂಟೆಗೆ ಸಾಲಾಗಿ ಬಂದು, ಜಾಡಿಯೊಳಗೆ ಕೈ ಹಾಕಿ, ಒಂದು ಪೆಪ್ಪರಮಿಂಟು ತೆಗೆದುಕೊಳ್ಳಬೇಕು. ಶಾಲೆ ಶುರುವಾದ ದಿನವೇ ನಾನು ಚೀಟಿ ಕೊಟ್ಟಿದ್ದೆ. ಕಡಲೆಬೀಜದ ಪುಡಿ ತಾಗಿದರೂ ಇವಳ ತುಟಿ, ಗಂಟಲು ಊದಿಕೊಂಡು ಉಸಿರು ಕಟ್ಟುತ್ತದೆ, ದಯವಿಟ್ಟು ಏನೂ ಕೊಡಬೇಡಿ ಅಂತ. ಔಷಧಿ ತುಂಬಿದ ಸೂಜಿಯನ್ನೂ ಕೊಟ್ಟು, ಚುಚ್ಚುವುದು ಹೇಗೆಂದು ತೋರಿಸಿ ಬಂದಿದ್ದೆ. ಟೀಚರ್ ಒಳ್ಳೆಯವರು. ಪೆಪ್ಪರಮಿಂಟಿನ ಬದಲು ಇವಳಿಗೆ ಒಂದು ರಬ್ಬರ್ ಕೊಟ್ಟರು. ಎರಡನೇ ಶುಕ್ರವಾರ ಇನ್ನೊಂದು ರಬ್ಬರ್. ಮೊನ್ನೆ ಎರಡನ್ನೂ ನನ್ನ ಮುಂದೆ ಇಟ್ಟು ಕೇಳಿದಳು: "ಅಮ್ಮಾ, ನಾನು ಅಷ್ಟೊಂದು ತಪ್ಪು ಬರೀತೀನಾ?"

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾ ಕೂತರೂ ಶುಕ್ರವಾರ ಹನ್ನೊಂದಾದರೆ ಕೈ ತಾನಾಗಿ ನಿಂತುಬಿಡುತ್ತದೆ. ಆ ಜಾಡಿಯಲ್ಲಿರುವುದು ನಿಮ್ಮ ಕಾರ್ಖಾನೆಯದ್ದೇ, ಕಾಗದದ ಮೇಲಿನ ನೀಲಿ ಪಟ್ಟಿ ನೋಡಿದೆ. ನೀನು ಅಲ್ಲೇ ಇರುವವಳು. ಇವಳು ಹೆದರದೆ ತಿನ್ನುವಂಥ ಪೆಪ್ಪರಮಿಂಟು ಅಲ್ಲಿ ಸಿಗುತ್ತದಾ? ಸಿಗದಿದ್ದರೆ ಸಿಗುವುದಿಲ್ಲ ಅಂತಲಾದರೂ ಬೇಗ ಬರಿ.

ನಿನ್ನ ತಂಗಿ


ಜೂನ್ 22

ತಂಗೀ,

ಊಟದ ಬಿಡುವಿನಲ್ಲಿ ನಿನ್ನ ಪತ್ರ ಓದಿದೆ. ರಬ್ಬರಿನ ಮಾತು ಬಂದಾಗ ಊಟದ ಡಬ್ಬಿ ಮುಚ್ಚಿಟ್ಟೆ.

ಈಗ ಅಳು ನಿಲ್ಲಿಸಿ ಕೇಳು. ನಮ್ಮಲ್ಲಿ ಸೋಮವಾರದಿಂದ ಬುಧವಾರದವರೆಗೆ ಕಡಲೆಬೀಜ ತುಂಬಿದ ಮಿಠಾಯಿ, ಗುರುವಾರದಿಂದ ಶನಿವಾರ ಬರೀ ಸಕ್ಕರೆಯ ಪೆಪ್ಪರಮಿಂಟು. ಎರಡಕ್ಕೂ ಒಂದೇ ಯಂತ್ರ. ಅದಕ್ಕೇ ಬುಧವಾರ ಸಂಜೆ ಯಂತ್ರದ ಭಾಗಗಳನ್ನೆಲ್ಲ ಬಿಚ್ಚಿ ಬಿಸಿನೀರಿನಲ್ಲಿ ತೊಳೆಯುತ್ತಾರೆ. ಒಣಗಿದ ಮೇಲೆ ನಾನು ಬಿಳಿ ಬಟ್ಟೆ ಹಿಡಿದು ಮೂಲೆಮೂಲೆ ಒರೆಸಿ ನೋಡುತ್ತೇನೆ. ಬಟ್ಟೆಗೆ ಎಳ್ಳಷ್ಟು ಬಣ್ಣ ಹತ್ತಿದರೂ ಮತ್ತೆ ತೊಳೆಸುತ್ತೇನೆ. ಬಟ್ಟೆ ಬಿಳಿಯಾಗೇ ಉಳಿದರೆ ಮಾತ್ರ ತೊಳೆದದ್ದರ ಪುಸ್ತಕದಲ್ಲಿ ನನ್ನ ಸಹಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಬೆನ್ನ ಹಿಂದೆ ಎಲ್ಲರೂ ನನ್ನನ್ನು "ಬಟ್ಟೆ ಮೇಡಂ" ಅನ್ನುತ್ತಾರೆ, ಅನ್ನಲಿ ಬಿಡು.

ಗುರುವಾರ ಬೆಳಗಿನ ಮೊದಲ ಒಂದು ಗಂಟೆಯ ಮಾಲು ಬಿಟ್ಟು, ಆಮೇಲಿನದನ್ನು ನಾನೇ ನಿಂತು ಡಬ್ಬಿಗೆ ತುಂಬಿಸಿದ್ದೇನೆ. ಟೀಚರಿಗೆ ಹೇಳಿ ಆ ಜಾಡಿ ಖಾಲಿ ಮಾಡಿಸಿ ತೊಳೆಸು. ಇಡೀ ಜಾಡಿಗೆ ಇದನ್ನೇ ತುಂಬಿಸು. ಗುಬ್ಬಿಗೆ ಅಂತ ಬೇರೆ ಡಬ್ಬಿ ಬೇಡ. ಎಲ್ಲರ ಜೊತೆ ಅವಳೂ ಅದೇ ಜಾಡಿಗೆ ಕೈ ಹಾಕಲಿ. ಮುಗಿಯುವ ಮುಂಚೆ ಬರಿ, ಇನ್ನೊಂದು ಡಬ್ಬಿ ಬರುತ್ತದೆ.

ಆ ರಬ್ಬರುಗಳನ್ನು ಎಲ್ಲಾದರೂ ಅಡಗಿಸಿಡು.

ನಿನ್ನ ಅಕ್ಕ


ಜುಲೈ 20

ಅಕ್ಕಾ,

ಮೂರು ಶುಕ್ರವಾರ ಆಯಿತು! ಪೆಪ್ಪರಮಿಂಟು ಸುತ್ತಿದ ಬಣ್ಣದ ಗಾಜುಕಾಗದ ಒಂದನ್ನೂ ಗುಬ್ಬಿ ಬಿಸಾಡುವುದಿಲ್ಲ. ಉಗುರಿನಿಂದ ತೀಡಿ ಸಾಪು ಮಾಡಿ, ಡ್ರಾಯಿಂಗ್ ಪುಸ್ತಕದ ಹಾಳೆಗಳ ನಡುವೆ ಇಟ್ಟು, ಪಕ್ಕದಲ್ಲಿ ವಾರದ ನಂಬರ್ ಬರೆಯುತ್ತಾಳೆ. ಆಗಾಗ ತೆಗೆದು ಕಣ್ಣಿಗೆ ಹಿಡಿದು, "ಅಮ್ಮ ಹಸಿರಾದ್ಲು, ಅಪ್ಪ ಇನ್ನೂ ಹಸಿರಾದ್ರು" ಅಂತ ನಗುತ್ತಾಳೆ. ಕನ್ನಡಕದ ಅಂಗಡಿಯವಳ ಮಗಳಲ್ಲವೇ. ಇವರಂತೂ "ನಿನ್ನ ಅಕ್ಕನ್ನ ತಲೆ ಮೇಲೆ ಹೊತ್ಕೊಂಡು ಮೆರೆಸ್ಬೇಕು" ಅನ್ನುತ್ತಿದ್ದಾರೆ. ಇವರ ತಲೆ ಅಷ್ಟು ಗಟ್ಟಿಯಿಲ್ಲ ಅಂದೆ.

ಇನ್ನೊಂದು ಸುದ್ದಿ. ಗುಬ್ಬಿಯ ಬೆಂಚಿನಲ್ಲಿ ಸೈಕಲ್ ರಿಪೇರಿ ಅಂಗಡಿಯವರ ಮಗಳು ಕೂರುತ್ತಾಳೆ. ಅಪ್ಪ ಅವಳ ಶಾಲೆಯ ಚೀಲಕ್ಕೆ ಒಂದು ಸೈಕಲ್ ಬೆಲ್ ಕಟ್ಟಿದ್ದಾರೆ, ಅದಕ್ಕೇ ಎಲ್ಲರೂ ಅವಳನ್ನು ಟ್ರಿಂಗ್ ಅನ್ನುತ್ತಾರೆ. ಆಗಸ್ಟ್ ಎಂಟಕ್ಕೆ ಅವಳ ಹುಟ್ಟುಹಬ್ಬ. ಮೊನ್ನೆ ಆ ಅಪ್ಪ ಮೂರು ಥರದ ಬಿಸ್ಕತ್ತಿನ ಪೊಟ್ಟಣ ಹಿಡಿದು ನಮ್ಮ ಅಂಗಡಿಗೇ ಬಂದರು. "ಮೇಡಂ, ನಿಮ್ಮ ಮಗೂಗೆ ಯಾವ್ದು ಆಗುತ್ತೆ ಹೇಳಿ, ಕ್ಲಾಸಿಗೆಲ್ಲ ಅದನ್ನೇ ತರ್ತೀನಿ" ಅಂದರು. ಭೂತಗಾಜು ಹಿಡಿದು ಮೂರರ ಹಿಂಬದಿಯ ಅಕ್ಷರವನ್ನೂ ಓದಿ ಒಂದನ್ನು ಆರಿಸಿ ಕೊಟ್ಟೆ. ಅವರ ಬೆರಳೆಲ್ಲ ಗ್ರೀಸು. ಪೊಟ್ಟಣದ ತುದಿಯನ್ನು ಮಾತ್ರ ಹಿಡಿದಿದ್ದರು, ಪಾಪ.

ಡಬ್ಬಿ ಮುಗಿಯುತ್ತಾ ಬಂತು.

ತಂಗಿ


ಆಗಸ್ಟ್ 3

ತಂಗೀ,

ಉದ್ದ ಬರೆಯಲು ಪುರುಸೊತ್ತಿಲ್ಲ. ದೊಡ್ಡ ಆರ್ಡರ್ ಬಂದಿದೆ. ಮೂರು ವಾರದಿಂದ ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಓಡಾಡುತ್ತಿದ್ದೇವೆ. ಮ್ಯಾನೇಜರಿಗೆ ಯಂತ್ರ ನಿಂತರೆ ಜೀವವೇ ನಿಂತ ಹಾಗೆ. ಸಹಿ ಹಾಕಿ ಹಾಕಿ ನನ್ನ ಕೈ ಸೋತಿದೆ.

ಡಬ್ಬಿ ಕಳುಹಿಸಿದ್ದೇನೆ. ಈ ಸಲ ಕೆಂಪು ಜಾಸ್ತಿ. ಹುಟ್ಟುಹಬ್ಬ ಚೆನ್ನಾಗಿ ಆಗಲಿ.

ಅಕ್ಕ


ಆಗಸ್ಟ್ 10

ಅಕ್ಕಾ,

ಗುಬ್ಬಿ ಈಗ ಹುಷಾರಾಗಿದ್ದಾಳೆ. ಮೊದಲು ಅದನ್ನು ಬರೆದೆ, ಉಳಿದದ್ದನ್ನು ನಿಧಾನ ಓದು.

ಶುಕ್ರವಾರ ಹನ್ನೊಂದಕ್ಕೆ ಎಲ್ಲರೂ ಜಾಡಿಗೆ ಕೈ ಹಾಕಿದ್ದಾರೆ. ಆಮೇಲೆ ಟ್ರಿಂಗ್ ಬಿಸ್ಕತ್ತು ಹಂಚಿದ್ದಾಳೆ. ಗುಬ್ಬಿ ಎರಡು ತಿಂದಳಂತೆ. ಹತ್ತು ನಿಮಿಷಕ್ಕೆ ತುಟಿ ಊದಿದೆ, ಕತ್ತು ಕೆರೆದುಕೊಂಡಿದ್ದಾಳೆ, ಆಮೇಲೆ ಮಾತೇ ಹೊರಡಲಿಲ್ಲವಂತೆ. ಟೀಚರ್ ತೊಡೆಗೆ ಸೂಜಿ ಚುಚ್ಚಿ ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ನಾನು ಹೋಗಿ ತಲುಪಿದಾಗ ಮುಖ ನನ್ನ ಮಗಳದ್ದಾಗಿರಲಿಲ್ಲ. ಕಣ್ಣು ಎರಡು ಗೀರು, ಅಷ್ಟೆ. ಆ ಕಣ್ಣಲ್ಲೇ ನನ್ನ ಗುರುತು ಹಿಡಿದು ಕೈ ಚಾಚಿದಳು.

ನಿನ್ನೆ ಸೈಕಲ್ ಅಂಗಡಿಗೆ ಹೋದೆ. ಗಿರಾಕಿಗಳ ಮುಂದೆಯೇ ಬಾಯಿಗೆ ಬಂದ ಹಾಗೆ ಬೈದೆ. "ನೀವೇ ಓದಿ ಆಗುತ್ತೆ ಅಂದಿದ್ರಲ್ಲ ಮೇಡಂ" ಅಂದರು. ನಾನು ಓದಿದ ಪೊಟ್ಟಣವೇ ಬೇರೆ, ನೀವು ತಂದದ್ದೇ ಬೇರೆ ಅಂದೆ. ಒಳಗೆ ಹೋಗಿ ಖಾಲಿ ಪೊಟ್ಟಣಗಳನ್ನು ತಂದು ಬೆಂಚಿನ ಮೇಲೆ ಸಾಲಾಗಿ ಇಟ್ಟರು. ನಾನು ನೋಡಲಿಲ್ಲ. ನೋಡಿ ಏನಾಗಬೇಕಿತ್ತು? ಆ ಕೈಗಳಲ್ಲಿ ಏನೇನು ಮುಟ್ಟಿರುತ್ತಾರೋ. ಜಾಡಿಯದ್ದಂತೂ ನೀನು ಕಳುಹಿಸಿದ್ದು, ಅದರ ಮಾತೇ ಬೇಡ. ಉಳಿದದ್ದು ಬಿಸ್ಕತ್ತೊಂದೇ.

ನಿನ್ನಂಥ ಅಕ್ಕ ಇಲ್ಲದಿದ್ದರೆ ನಾನು ಇಷ್ಟೊತ್ತಿಗೆ ಯಾರನ್ನೂ ನಂಬದವಳಾಗುತ್ತಿದ್ದೆ.

ತಂಗಿ


ಆಗಸ್ಟ್ 17

ತಂಗೀ,

ಮೊನ್ನೆ ಫೋನಿನಲ್ಲಿ ಹೇಳಿದೆನಲ್ಲ, ಜಾಡಿಯಲ್ಲಿದ್ದದ್ದನ್ನೂ ಡಬ್ಬಿಯಲ್ಲಿ ಉಳಿದದ್ದನ್ನೂ ಎಸೆದೆಯಾ? ಆ ಡಬ್ಬಿ ಎರಡು ದಿನ ಬಿಸಿಲಲ್ಲಿ ನಿಂತಿತ್ತಂತೆ, ಕೆಟ್ಟಿರುತ್ತದೆ. ಒಂದೂ ಉಳಿಸಬೇಡ. ಜಾಡಿ ತೊಳೆಸು.

ಇನ್ನೊಂದು. ಆ ಶುಕ್ರವಾರದ ಕಾಗದ ಗುಬ್ಬಿಯ ಪುಸ್ತಕದಲ್ಲಿ ಇದ್ದರೆ, ಅಂಚಿನಲ್ಲಿ ಒಂದು ಸಣ್ಣ ಮೊಹರು ಇರುತ್ತದೆ, ನೋಡಿ ಬರಿ. ಏನಿಲ್ಲ, ಯಾವ ಮಾಲು ಎಲ್ಲಿಗೆ ಹೋಯಿತು ಅಂತ ಇಲ್ಲಿ ಬರೆದಿಡಬೇಕು.

ಮಗು ಹೇಗಿದೆ? ರಾತ್ರಿ ಚೆನ್ನಾಗಿ ಉಸಿರಾಡುತ್ತಾಳಾ? ಅದನ್ನು ಮೊದಲು ಬರಿ.

ಅಕ್ಕ


ಆಗಸ್ಟ್ 24

ಅಕ್ಕಾ,

ಚೆನ್ನಾಗಿ ಉಸಿರಾಡುತ್ತಾಳೆ, ಹೊದಿಕೆ ಒದೆಯುತ್ತಾಳೆ, ನನ್ನನ್ನೂ ಒದೆಯುತ್ತಾಳೆ. ಎಲ್ಲ ಎಸೆದೆ. ಮೊಹರು ನೋಡಿದೆ: 31-7, ಪಕ್ಕದಲ್ಲಿ "ಬೆ". ಇಂಥ ಹೊತ್ತಲ್ಲೂ ನಿನಗೆ ನಿನ್ನ ಪುಸ್ತಕದ ಚಿಂತೆ, ಬಟ್ಟೆ ಮೇಡಂ.

ಶಾಲೆಯಲ್ಲಿ ಪೋಷಕರ ಸಭೆ ಆಯಿತು. ನಾನೇ ಎದ್ದು ಮಾತಾಡಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಇನ್ನು ಮೇಲೆ ಹುಟ್ಟುಹಬ್ಬಕ್ಕೆ ತಿನ್ನುವುದೇನೂ ತರುವಂತಿಲ್ಲ. ದಿನಾ ಬೆಳಗ್ಗೆ ಕ್ಲಾಸಿನ ಬಾಗಿಲಲ್ಲಿ ಊಟದ ಡಬ್ಬಿ ನೋಡಬೇಕು. ನೋಡುವವರು ಯಾರು ಅಂದಾಗ ಎಲ್ಲರೂ ನನ್ನ ಕಡೆ ತಿರುಗಿದರು. ಅಂಗಡಿ ತೆರೆಯುವ ಮುಂಚೆ ಹೋಗಿ ನಿಲ್ಲುತ್ತೇನೆ. ಉಳಿದ ಮಕ್ಕಳದ್ದು ಮೇಲಿಂದ ನೋಡಿ ಬಿಡುತ್ತೇನೆ. ಟ್ರಿಂಗ್ ಡಬ್ಬಿಯನ್ನು ಮಾತ್ರ ಚಮಚ ಹಾಕಿ ತಳದವರೆಗೆ. ಈಗ ಅವಳು ಮೆಟ್ಟಿಲ ಹತ್ತಿರವೇ ಮುಚ್ಚಳ ತೆಗೆದುಕೊಂಡು ಬರುತ್ತಾಳೆ. ಆ ಬೆಲ್ ಸದ್ದು ಮಾಡದ ಹಾಗೆ ಕಂಕುಳಲ್ಲಿ ಒತ್ತಿ ಹಿಡಿದಿರುತ್ತಾಳೆ. ಅವಳನ್ನು ಹಿಂದಿನ ಬೆಂಚಿಗೆ ಕಳುಹಿಸಿದ್ದಾರೆ. ಗುಬ್ಬಿ ಯಾಕೆ ಅಂತ ಕೇಳಿದಳು, ನಿನ್ನ ಒಳ್ಳೇದಕ್ಕೆ ಅಂದೆ.

ಅವರಪ್ಪ ಸಭೆಯಲ್ಲಿ ಒಂದೇ ಮಾತು ಆಡಿದ್ದು: "ಮಗು ಉಳೀತಲ್ಲ, ಸಾಕು." ನಾಟಕ ಅನ್ನಿಸಿತು.

ತಂಗಿ


ಸೆಪ್ಟೆಂಬರ್ 7

ತಂಗೀ,

ಹೊಸ ಡಬ್ಬಿ ಕಳುಹಿಸುತ್ತಿದ್ದೇನೆ. ತಡವಾಯಿತು. ಇದು ನನ್ನ ಕಣ್ಣೆದುರೇ ಆದದ್ದು, ನೂರಕ್ಕೆ ನೂರು. ಇದರ ಬಗ್ಗೆ ಮಾತ್ರ ಆಣೆ ಮಾಡಿ ಹೇಳಬಲ್ಲೆ.

ಆ ಸೈಕಲ್ ಅಂಗಡಿಯವರನ್ನು ಬಿಟ್ಟುಬಿಡು. ಬಿಸ್ಕತ್ತಿನಿಂದಲೇ ಅಂತ ಯಾರು ಕಂಡಿದ್ದಾರೆ? ಆ ಮಗುವಿನ ಡಬ್ಬಿ ಕೆದಕುವುದನ್ನು ನಿಲ್ಲಿಸು. ಹಿಂದಿನ ಬೆಂಚಿಗೆ ಯಾಕೆ ಕಳುಹಿಸಿದರು? ಆರು ವರ್ಷದ ಮಗು. ನನ್ನ ಮಾತು ಕೇಳು, ಇದೊಂದು ಸಲ.

ನಿದ್ದೆ ಸರಿಯಾಗಿ ಬರುತ್ತಿಲ್ಲ, ವಯಸ್ಸಾಯಿತೇನೋ.

ಅಕ್ಕ


ಸೆಪ್ಟೆಂಬರ್ 21

ಅಕ್ಕಾ,

ಅಂದರೆ ನನ್ನ ಮಗಳ ಮುಖ ಊದಿದಾಗ ನಿನಗೆ ಕಂಡದ್ದು ಬೇರೆಯವರ ಮಗಳ ಬೆಂಚು. ಆಗಲಿ. ಆಸ್ಪತ್ರೆಯಲ್ಲಿ ನಿಂತಿದ್ದವಳು ನೀನಲ್ಲವಲ್ಲ.

ಅದು ಹಾಗಿರಲಿ. ಈ ಡಬ್ಬಿಯಲ್ಲಿ ಏನು ಕಳುಹಿಸಿದ್ದೀಯ?

ನನ್ನ ಕಣ್ಣು ಅನ್ನ ಸಂಪಾದಿಸುವುದೇ ಕೂದಲೆಳೆಯಷ್ಟು ವ್ಯತ್ಯಾಸ ನೋಡಿ. ನಿಮ್ಮ ಯಂತ್ರ ಕಾಗದದ ಎರಡು ಕಿವಿಯನ್ನೂ ಒಂದೂವರೆ ಸುತ್ತು ತಿರುಚುತ್ತದೆ, ಹಳೆಯ ಕಾಗದಗಳಲ್ಲಿ ಗೆರೆ ಹಾಗೇ ಇದೆ. ಈ ಸಲದ್ದರಲ್ಲಿ ಒಂದು ಕಿವಿಗೆ ಎರಡು ಸುತ್ತು, ಇನ್ನೊಂದಕ್ಕೆ ಮೂರು. ಒಂದು ಬಲಕ್ಕೆ, ಇನ್ನೊಂದು ಎಡಕ್ಕೆ. ಅಂಚಿನಲ್ಲಿ ಮೊಹರು ಇಲ್ಲವೇ ಇಲ್ಲ. ಕಾಗದ ನಿಮ್ಮದು, ಒಳಗಿನ ಮಾಲು ಯಾರದ್ದು? ಯಾವ ಗಲ್ಲಿಯ ನಕಲಿ ಅಂಗಡಿಯದ್ದು? ನಿನಗೆ ಪುರುಸೊತ್ತಿಲ್ಲದಿದ್ದರೆ ಇಲ್ಲ ಅಂತ ಬರೆಯಬಹುದಿತ್ತು. ಎರಡು ಶುಕ್ರವಾರ ಗುಬ್ಬಿ ಇದನ್ನು ತಿಂದಿದ್ದಾಳೆ ಅಕ್ಕಾ! ಏನೂ ಆಗಲಿಲ್ಲ, ಅದು ಅವಳ ಅದೃಷ್ಟ. ಮೊದಲಿನದಕ್ಕಿಂತ ಇದೇ ಚೆನ್ನಾಗಿದೆಯಂತೆ, ದೊಡ್ಡಮ್ಮನ ಮನೆ ವಾಸನೆ ಬರುತ್ತದಂತೆ. ಅವಳಿಗೇನು ಗೊತ್ತು.

ಜಾಡಿಯನ್ನು ಕಪಾಟಿನಲ್ಲಿ ಇಡಿಸಿ ಬೀಗ ಹಾಕಿಸಿದ್ದೇನೆ. ನೀನೂ ಹೀಗೆ ಮಾಡಿದರೆ ನಾನು ಇನ್ನು ಯಾರ ಕೈ ನೋಡಲಿ?


ಸೆಪ್ಟೆಂಬರ್ 25

ಅಕ್ಕಾ, ಫೋನ್ ಎತ್ತುತ್ತಿಲ್ಲ ಯಾಕೆ? ಏನಾದರೂ ಬರಿ. ಬೈದಾದರೂ ಬರಿ.


ಸೆಪ್ಟೆಂಬರ್ 28

ತಂಗೀ,

ನಕಲಿ ಅಂಗಡಿ ನಮ್ಮ ಅಡುಗೆಮನೆ. ಸಕ್ಕರೆ ಪಾಕ ಕಾಯಿಸಿ, ಕಿತ್ತಳೆ ಸಿಪ್ಪೆ ತುರಿದು ಹಾಕಿ, ತಟ್ಟೆಯಲ್ಲಿ ಹರಡಿ ಕತ್ತರಿಸಿದ್ದು ನಾನೇ. ಸುತ್ತಿದ ಕಾಗದ, ನಮ್ಮ ಕಾರ್ಖಾನೆಯಲ್ಲಿ ಮೊಹರು ಬೀಳುವ ಮುಂಚೆ ಹರಿದು ಬಿಸಾಡಿದ ಸುರುಳಿಯದ್ದು. ಇನ್ನೂರ ಹತ್ತು ಪೆಪ್ಪರಮಿಂಟಿನ ಕಿವಿ ತಿರುಚಿದೆ. ಕೊನೆಕೊನೆಗೆ ಬೆರಳು ಎತ್ತ ತಿರುಗುತ್ತದೆ ಅಂತಲೂ ಗೊತ್ತಾಗುತ್ತಿರಲಿಲ್ಲ.

ಯಾಕೆ ಮನೆಯಲ್ಲಿ ಮಾಡಿದೆ ಅಂದರೆ, ನನಗೀಗ ಯಂತ್ರದ ಹತ್ತಿರ ಹೋಗುವ ಹಾಗಿಲ್ಲ. ರಟ್ಟಿನ ಪೆಟ್ಟಿಗೆ ಮಡಚುವ ಕೋಣೆಗೆ ಹಾಕಿದ್ದಾರೆ.

ಆ ದೊಡ್ಡ ಆರ್ಡರ್ ಬಂದಿತ್ತಲ್ಲ, ಆಗ ಬುಧವಾರದ ತೊಳೆತಕ್ಕೆ ಮೂರು ತಾಸು ಯಾಕೆ ಅಂತ ಮ್ಯಾನೇಜರ್ ತಗಾದೆ ತೆಗೆದ. ಒಂದು ಸಂಜೆ ಪುಸ್ತಕವನ್ನು ನನ್ನ ಮೇಜಿಗೇ ಕಳುಹಿಸಿ, "ತೊಳೆದಾಯ್ತು ಮೇಡಂ, ಸಹಿ ಹಾಕಿ" ಅಂತ ಹೇಳಿಸಿದ. ನೋಡುತ್ತೇನೆ ಅಂದೆ. "ಹದಿನಾಲ್ಕು ವರ್ಷ ಆದ್ಮೇಲೂ ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ ಅವನೇ ಬಂದು ಕೇಳಿದ. ನನಗೂ ಕಾಲು ನೋಯುತ್ತಿತ್ತು. ಸಹಿ ಹಾಕಿದೆ. ಮುಂದಿನ ಬುಧವಾರವೂ ಹಾಕಿದೆ. ಅದರ ಮುಂದಿನ ಬುಧವಾರವೂ. ಮೂರು ಸಲ ಬಿಳಿ ಬಟ್ಟೆ ಕಪಾಟಿನಿಂದ ಹೊರಗೆ ಬರಲಿಲ್ಲ. ಅವರು ಬರೀ ಬ್ರಷ್ಷಿನಲ್ಲಿ ಉದುರಿಸಿ ಬಿಟ್ಟಿದ್ದರು. ಆ ಮೂರನೇ ಬುಧವಾರ ಜುಲೈ 30. ನೀನು ಬರೆದ ಮೊಹರು ಅದರ ಮರುದಿನ ಬೆಳಗಿನ ಪಾಳಿಯದ್ದು.

ಗುಬ್ಬಿಗೆ ಆದದ್ದು ಬಿಸ್ಕತ್ತಿನಿಂದ ಅಲ್ಲ. ನನ್ನ ಡಬ್ಬಿಯಿಂದ.

ನಿನ್ನ ಆಗಸ್ಟ್ ಹತ್ತರ ಪತ್ರ ಬಂದಾಗಲೇ ನನ್ನ ಮೂರು ಸಹಿ ನೆನಪಾಗಿದ್ದವು. ಮೊಹರು ಓದಿದ ಮೇಲೆ ಅನುಮಾನ ಉಳಿಯಲಿಲ್ಲ. ಮುಂದಿನ ತೊಳೆತದ ದಿನ ಬಟ್ಟೆ ಹಿಡಿದು ಹೋದೆ, ಮ್ಯಾನೇಜರ್ ಹತ್ತಿರ ಬಿಡಲಿಲ್ಲ, ಕೆಂಪು ಗುಂಡಿ ಒತ್ತಿ ಯಂತ್ರ ನಿಲ್ಲಿಸಿದೆ. ತಪಾಸಣೆಯ ಅಧಿಕಾರಿಗಳಿಗೂ ಬರೆದೆ, ನೋಡದೆ ಸಹಿ ಹಾಕಿದವಳು ನಾನೇ ಅಂತ ಸೇರಿಸಿಯೇ ಬರೆದೆ. ಅವರು ಬಂದು ಹೋದರು, ಆ ಮಾಲನ್ನು ಅಂಗಡಿಗಳಿಂದ ವಾಪಸ್ ತರಿಸಿದರು, ಈಗ ನೆಟ್ಟಗೆ ತೊಳೆಯುತ್ತಿದ್ದಾರೆ. ಗುರುತಿಲ್ಲದವರಿಗೆ ಎರಡು ಪುಟ ಬರೆದೆ ತಂಗೀ. ನಿನಗೆ ಎರಡು ಸಾಲು ಬರೆಯಲು ನನಗಾಗಲಿಲ್ಲ. ಗುಬ್ಬಿಯನ್ನು ಇನ್ನು ನನ್ನ ಮಡಿಲಲ್ಲಿ ಕೂರಿಸುವುದಿಲ್ಲ ನೀನು ಅಂತ ಹೆದರಿದೆ.

ಇನ್ನೊಂದನ್ನೂ ಹೇಳಿಬಿಡುತ್ತೇನೆ. ಸೈಕಲ್ ಅಂಗಡಿಯವರ ಬಿಸ್ಕತ್ತು ಅಂತ ನೀನು ಬರೆದ ಸಾಲು ಓದಿದಾಗ ಒಂದು ಕ್ಷಣ, ಒಂದೇ ಕ್ಷಣ, ನನಗೆ ಹಾಯೆನಿಸಿತು. ಆ ಕ್ಷಣ ನೆನೆಸಿಕೊಂಡರೆ ನನ್ನ ಮುಖ ನನಗೇ ಬೇಡವಾಗುತ್ತದೆ.

ಆ ಮಗುವಿನ ಡಬ್ಬಿ ಮುಟ್ಟಬೇಡ. ನನ್ನನ್ನು ಏನು ಬೇಕಾದರೂ ಅನ್ನು.

ಅಕ್ಕ


ಅಕ್ಟೋಬರ್ 12

ಅಕ್ಕಾ,

ಎಂಟು ದಿನ ನಿನಗೆ ಬರೆಯಬಾರದು ಅಂತಲೇ ಇದ್ದೆ. ಈಗಲೂ ಕೋಪ ಇದೆ. ಇರುತ್ತದೆ, ಇರಲಿ.

ನಿನ್ನ ಪತ್ರ ಬಂದ ಸಂಜೆ ಸೈಕಲ್ ಅಂಗಡಿಗೆ ಹೋದೆ. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ನಾನು ಅಲ್ಲಿ ಯಾವಾಗ ಹೋದರೂ ಅವರು ಎದ್ದು ನಿಲ್ಲುತ್ತಾರೆ, ಈಗ ಗಮನಿಸಿದೆ. "ಕೂತ್ಕೊಳ್ಳಿ ಮೇಡಂ, ಇದೊಂದು ಪಂಕ್ಚರ್ ಹಾಕಿಬಿಡ್ತೀನಿ" ಅಂದರು. ಕೂರಲಿಲ್ಲ. ಅಂದು ಬೈದದ್ದು ಗಿರಾಕಿಗಳ ಮುಂದೆ, ಇದೂ ಅವರ ಮುಂದೆಯೇ ಆಗಲಿ ಅಂತ ನಿಂತೇ ಹೇಳಿದೆ. ನಿನ್ನ ಡಬ್ಬಿ, ನಿನ್ನ ಸಹಿ, ಎಲ್ಲ. ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ಕೈ ಒರೆಸಿಕೊಂಡರು. ಆಮೇಲೆ ಅಂದರು: "ಆ ಪೊಟ್ಟಣ ಇನ್ನೂ ಇಟ್ಕೊಂಡಿದ್ದೀನಿ ಮೇಡಂ. ನಾನೇ ತಪ್ಪು ಓದಿದ್ನೇನೋ ಅಂತ ದಿನಾ ತೆಗೆದು ಓದ್ತೀನಿ."

ಅವರು ದಿನಾ ಓದುತ್ತಿದ್ದರು ಅಕ್ಕಾ. ನಾನು ಅಂದು ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು. ನೋಡದೆ ಸಹಿ ಹಾಕಿದವಳು ನೀನೊಬ್ಬಳೇ ಅಲ್ಲ.

ಸೋಮವಾರ ಟೀಚರಿಗೂ ಎಲ್ಲ ಪೋಷಕರಿಗೂ ಹೇಳಿದೆ. ಕೆಲವರು ಮೂಗಿನ ಮೇಲೆ ಬೆರಳಿಟ್ಟರು, ಇಡಬೇಕಾದದ್ದೇ. ಟ್ರಿಂಗ್ ಮತ್ತೆ ಮುಂದಿನ ಬೆಂಚಿಗೆ ಬಂದಳು. ಡಬ್ಬಿ ನೋಡುವುದನ್ನು ಟೀಚರಿಗೆ ಬಿಟ್ಟುಕೊಟ್ಟೆ. ಜಾಡಿಯಲ್ಲಿ ಈಗ ಬಣ್ಣದ ಪೆನ್ಸಿಲ್ ತುಂಡುಗಳಿವೆ, ಎಲ್ಲರಿಗೂ ಅದೇ. ಗುಬ್ಬಿಗೆ ಮಾತ್ರ ದೊಡ್ಡಮ್ಮನ ಪೆಪ್ಪರಮಿಂಟೇ ಬೇಕಂತೆ. ಇಲ್ಲಿಗೆ ಬಂದು, ನನ್ನ ಒಲೆಯ ಮೇಲೆ, ನನ್ನ ಕಣ್ಣೆದುರು ಮಾಡು. ಇದನ್ನು ಕರೆಯುವುದು ಅಂತಲೇ ತಿಳಿದುಕೋ.

ಒಂದು ಮಾತು ಹೇಳಿ ಮುಗಿಸುತ್ತೇನೆ, ಇದನ್ನು ಒಬ್ಬಳೇ ಹೊರಲು ಆಗುತ್ತಿಲ್ಲ. ನಿನ್ನೆ ಗುಬ್ಬಿಯನ್ನು ಬಿಡಲು ಶಾಲೆಗೆ ಹೋಗಿದ್ದೆ. ಬಾಗಿಲ ಹತ್ತಿರ ಸುಮ್ಮನೆ ನಿಂತಿದ್ದೆ ಅಷ್ಟೆ. ಟ್ರಿಂಗ್ ಮೆಟ್ಟಿಲು ಹತ್ತಿ ಬಂದವಳು ನನ್ನನ್ನು ಕಂಡ ಕೂಡಲೇ ಚೀಲ ಕೆಳಗಿಟ್ಟು, ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಮುಂದೆ ಹಿಡಿದಳು. "ಬೇಡ ಕಂದಾ, ಇನ್ನು ತೋರಿಸ್ಬೇಕಾಗಿಲ್ಲ, ಮುಚ್ಚು" ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಚಮಚ ತೆಗೆದು ನನ್ನ ಕೈಗೆ ಕೊಟ್ಟು, "ಕೆಳಗೂ ಏನಿಲ್ಲ ಆಂಟಿ, ನೋಡಿ" ಅಂದಳು.

ತಂಗಿ